ನೂರು ಡಿಸ್ಕಿನ ಮೇಲೆ ಒಂದು ಮುಖ

ಡಿಸ್ಕಿನ ಮೇಲೆ ನೇರವಾಗಿ ಬಣ್ಣದ ಚಿತ್ರ ಮೂಡಿಸುವ ಪ್ರಿಂಟರನ್ನು ರಬಕವಿ-ಬನಹಟ್ಟಿಗೆ ಮೊದಲು ತಂದವನು ನಾನು. ಈ ಮಾತನ್ನು ಇದುವರೆಗೆ ಯಾರೂ ಅಲ್ಲಗಳೆದಿಲ್ಲ. ಯಾರೂ ಕೇಳಿಯೂ ಇಲ್ಲ.

ಅದಕ್ಕೆ ಮೊದಲು ನನ್ನ ಸ್ಟುಡಿಯೋದಲ್ಲಿ ಮದುವೆಯ ಡಿಸ್ಕಿಗೆ ಚೀಟಿ ಅಂಟಿಸುತ್ತಿದ್ದೆವು. ವಧೂವರರ ಫೋಟೊ ಇರುವ ದುಂಡನೆಯ ಅಂಟುಕಾಗದ ಅದು. ಕೂದಲೆಳೆಯಷ್ಟು ಓರೆಯಾದರೂ ಡಿಸ್ಕು ಪ್ಲೇಯರಿನೊಳಗೆ ಚಳಿಜ್ವರ ಬಂದಂತೆ ನಡುಗುತ್ತಿತ್ತು, ಅಕ್ಷತೆ ಬೀಳುವ ಹೊತ್ತಿಗೆ ಸರಿಯಾಗಿ ನಿಂತುಬಿಡುತ್ತಿತ್ತು. ಮುಧೋಳದ ಒಂದು ಮನೆಯಲ್ಲಿ ಬಿಸಿಗೆ ಚೀಟಿ ಬಿಟ್ಟುಕೊಂಡು ಯಂತ್ರದ ಹೊಟ್ಟೆಯಲ್ಲಿ ಸುತ್ತಿಕೊಂಡಿತು. ವರನ ತಂದೆ ಆ ಪ್ಲೇಯರನ್ನು ಟವೆಲಿನಲ್ಲಿ ಸುತ್ತಿ, ಕಾಯಿಲೆಯ ಕೂಸನ್ನು ತಂದಂತೆ ಎರಡೂ ಕೈಯಲ್ಲಿ ಹಿಡಿದು ಬಂದರು.

"ಇದರೊಳಗ ನನ್ನ ಸೊಸಿ ಸಿಕ್ಕೊಂಡಾಳ. ತಗದ ಕೊಡ್ರಿ" ಅಂದರು.

ಚಿಮುಟಿಗೆ ಹಾಕಿ ತೆಗೆದೆ. ಸೊಸೆ ಎರಡು ತುಂಡಾಗಿ ಬಂದಳು. ಆ ವಾರವೇ ನಾನು ಜಮಖಂಡಿಗೆ ಹೊರಟೆ.

ಅಲ್ಲಿನ ಅಂಗಡಿಯವನು ಮೇಜಿನ ಮೇಲೆ ಎರಡು ಪ್ರಿಂಟರು ಇಟ್ಟು, ಹೆಣ್ಣು ತೋರಿಸುವ ಮನೆಯ ಹಿರಿಯನ ಹಾಗೆ ಪಕ್ಕಕ್ಕೆ ಸರಿದು ನಿಂತ. ಎರಡಕ್ಕೂ ಡಿಸ್ಕು ಕೂಡಿಸುವ ಒಂದು ತೆಳ್ಳನೆಯ ತಟ್ಟೆ ಇತ್ತು. ಅದನ್ನು ಮುಂದಿನಿಂದ ಒಳಗೆ ತಳ್ಳಿದರೆ ಯಂತ್ರ ಡಿಸ್ಕನ್ನು ನುಂಗಿ, ಮುಖ ಬರೆದು, ಹೊರಗೆ ಹಾಕುತ್ತಿತ್ತು.

"ನೋಡ್ರಿ ಸಾಹೇಬ್ರ, ಇದಕ್ಕ ಕಂಪನಿ ಶಾಯಿನ ಬೇಕು. ಇದಕ್ಕ ಡಬ್ಬಿ ಅದಾವು, ಬಾಟ್ಲಿಲೆ ಸುರಕೊಂತ ಹೋಗೂದು. ಇನ್ನ ಡಿಸ್ಕಿನ್ಯಾಗೂ ಎರಡ ನಮೂನಿ. ಈ ಹೊಳಿಯೂದಕ್ಕ ನೀರ ತಾಗಿದ್ರೂ ಬಣ್ಣ ಅಳ್ಳಾಡಂಗಿಲ್ಲ. ಈ ಮಬ್ಬನೂ ಐತೆಲ್ಲಾ, ಇದು ಕಾಗದದ ಗತೆ ಶಾಯಿ ಕುಡೀತೈತಿ. ಮ್ಯಾಲ ಈ ಸ್ಪ್ರೇ ಹೊಡಕೊಂಡ್ರ ಚಿಂತಿಲ್ಲ."

"ಹೊಡೀಲಿಲ್ಲಂದ್ರ?"

"ನೀರ ತಾಗಿಸಬ್ಯಾಡ್ರಿ, ಆತು. ಮದುವಿ ಡಿಸ್ಕಿಗೆ ಯಾರ ಜಳಕಾ ಮಾಡಸ್ತಾರ?"

ನಾನು ಬಹಳ ಹೊತ್ತು ಆಲೋಚನೆ ಮಾಡಿದೆ. ನಮ್ಮ ಕಡೆಯ ಮದುಮಗನ ಮುಖ ಮೊದಲೇ ಅರಿಷಿಣ ಎಣ್ಣೆಯಲ್ಲಿ ಮಿಂದಿರುತ್ತದೆ, ಅದಕ್ಕೆ ಇನ್ನಷ್ಟು ಹೊಳಪು ಯಾಕೆ? ಮಬ್ಬು ಡಿಸ್ಕಿಗೆ ಒಂದು ಮರ್ಯಾದಸ್ಥ ಕಳೆ ಇತ್ತು, ಪಂಚಾಯ್ತಿಯಲ್ಲಿ ಹಿಂದಿನ ಸಾಲಿಗೆ ಕುಳಿತವರ ಹಾಗೆ. ಹೀಗೆ ಗಂಭೀರವಾಗಿ ವಿಚಾರ ಮಾಡಿ, ಶಾಯಿ ಸುರಿಯುವ ಪ್ರಿಂಟರು, ಮಬ್ಬು ಡಿಸ್ಕು, ಒಂದೇ ಒಂದು ಸ್ಪ್ರೇ ಡಬ್ಬಿ ತಂದೆ. ತಪ್ಪು ಆಯ್ಕೆಗಳನ್ನು ನಾನು ಅವಸರದಲ್ಲಿ ಮಾಡಿದವನಲ್ಲ.

ಪ್ರಿಂಟರಿನ ಸ್ವಭಾವ ತಿಳಿಯಲು ಒಂದು ಮದುವೆ ಸೀಜನ್ನು ಹಿಡಿಯಿತು. ನಾಲ್ಕು ದಿನ ಕೆಲಸ ಕೊಡದಿದ್ದರೆ ನಮ್ಮ ಬಿಸಿಲಿಗೆ ಅದರ ಮೂಗು ಕಟ್ಟುತ್ತಿತ್ತು. ಮೂಗು ತೊಳೆಯಲು ಕೂತರೆ ಒಂದು ಮದುವೆಗೆ ಆಗುವಷ್ಟು ಶಾಯಿ ತಾನೇ ಕುಡಿದುಬಿಡುತ್ತಿತ್ತು. ತಟ್ಟೆ ತುಸು ಜರುಗಿದರೆ ಚಿತ್ರ ಡಿಸ್ಕಿನ ಅಂಚು ದಾಟಿ, ಮದುಮಗನ ಪೇಟ ತಟ್ಟೆಯ ಮೇಲೆಯೇ ಉಳಿಯುತ್ತಿತ್ತು. ಆಮೇಲೆ ಬಂದ ಮದುಮಕ್ಕಳ ಬೆನ್ನಿಗೆಲ್ಲ ಅದೇ ಪೇಟದ ಕಲೆ.

ಎಲ್ಲಕ್ಕಿಂತ ದೊಡ್ಡ ತೊಡಕು ತೂತಿನದು. ಡಿಸ್ಕಿನ ನಡುವೆ ತೂತು ಇರುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ ಎಂದು ನಾನು ತಿಳಿದಿದ್ದೆ. ಗಂಡನನ್ನು ಬಲಕ್ಕೆ, ಹೆಂಡತಿಯನ್ನು ಎಡಕ್ಕೆ ಹಾಕಿದರೆ "ಈಗಿಂದನ ನಡುವ ತೂತ ಇಟ್ಟೀರೆಲ್ರೀ" ಎಂದು ಬೀಗರು ಮುನಿಸಿಕೊಂಡರು. ಬೀಳಗಿಯ ಒಂದು ಮನೆಯವರು ಅಜ್ಜನನ್ನೇ ನಡುವೆ ಹಾಕಬೇಕೆಂದು ಹಟ ಹಿಡಿದರು. ಹಾಕಿದೆ. ತೂತು ಸರಿಯಾಗಿ ಹೊಟ್ಟೆಗೆ ಬಂತು. ಅಜ್ಜ ತಿಂಗಳೊಳಗೆ ತೀರಿಕೊಂಡರು, ಹೊಟ್ಟೆಬೇನೆಯಿಂದ. ಮನೆಯವರು ನನಗೆ ಒಂದು ಮಾತೂ ಅನ್ನಲಿಲ್ಲ. ಮುಂದೆ ತೊಟ್ಟಿಲ ಕಾರ್ಯಕ್ಕೆ ಮಾತ್ರ ಬೇರೆ ಕ್ಯಾಮೆರಾದವನನ್ನು ಕರೆದರು.

ಸ್ಪ್ರೇ ಡಬ್ಬಿ ಮೂರನೆಯ ಮದುವೆಗೇ ಮುಗಿದಿತ್ತು. ಅದರ ವಾಸನೆಗೆ ತಲೆ ಹಿಡಿಯುತ್ತಿತ್ತು. ಮತ್ತೆ ತರಲಿಲ್ಲ. ಯಾರೂ ಡಿಸ್ಕಿಗೆ ಜಳಕ ಮಾಡಿಸಲೂ ಇಲ್ಲ.

ಬಣ್ಣದ ಕಾಕಾ ಬಂದದ್ದು ಇಂಥ ಹೊತ್ತಿನಲ್ಲಿ. ಅರವತ್ತು ದಾಟಿದ ಮನುಷ್ಯ, ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುವ ಕೆಲಸ. ಎರಡೂ ಕೈ ಮೊಣಕೈಯವರೆಗೆ ನೀಲಿ. ಅವರ ಕೈಯಿಂದ ಎದ್ದ ಲಡಿ, ಎಂದರೆ ನೂಲಿನ ಕಟ್ಟು, ಒಮ್ಮೆಯೂ ಬಣ್ಣ ಬಿಟ್ಟದ್ದಿಲ್ಲ ಎಂದು ನೇಕಾರರು ಆಣೆ ಮಾಡಿ ಹೇಳುತ್ತಿದ್ದರು. ಇದಲ್ಲದೆ ಅವರು ಪದ ಕಟ್ಟಿ ಹಾಡುತ್ತಿದ್ದರು. ತೊಟ್ಟಿಯ ಮುಂದೆ ಲಡಿ ತಿರುವುತ್ತಾ ಕಟ್ಟಿದ ಪದಗಳು. ಭಜನೆಯಲ್ಲಿ ಅವನ್ನು ಹಾಡಿದರೆ ಮಗ್ಗ ನಿಲ್ಲಿಸಿ ಜನ ಕಿಟಕಿಗೆ ಬರುತ್ತಿದ್ದರು.

ಆದರೆ ಆ ಪದಗಳು ಅವರವೆಂದು ಊರ ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಭಜನಾ ಮೇಳದ ಮುಖ್ಯಸ್ಥರು ಪೇಟಿ ಮಾಸ್ತರು. ಶಾಲೆಯಿಂದ ನಿವೃತ್ತರಾದವರು, ಪೇಟಿ, ಎಂದರೆ ಹಾರ್ಮೋನಿಯಂ, ನುಡಿಸುವವರು, ಮಾತು ಬಲ್ಲವರು. ಜಮಖಂಡಿಗೆ ಹೋಗಲಿ, ತುಬಚಿಗೆ ಹೋಗಲಿ, ಹಾಡಿಗೆ ಮೊದಲು ಎದ್ದು ನಿಂತು "ಈಗ ನಮ್ಮ ಮೇಳದ ಪದ" ಎಂದು ಹೇಳುವುದು ಅವರ ಪದ್ಧತಿ. ಜನ ಮಾಸ್ತರ ಪದ ಎಂದೇ ಕೇಳಿ, ಮಾಸ್ತರ ಪದ ಎಂದೇ ಮನೆಗೆ ಒಯ್ಯುತ್ತಿದ್ದರು.

ಕಾಕಾ ಜಮಖಂಡಿಯಲ್ಲಿ ಒಂದು ಕೋಣೆಯಲ್ಲಿ ಕೂತು ಹನ್ನೊಂದು ಪದ ರೆಕಾರ್ಡ್ ಮಾಡಿಸಿಕೊಂಡು ಬಂದಿದ್ದರು. ಪೇಟಿ ನುಡಿಸಿದ್ದು ಮಾಸ್ತರೇ.

"ನೂರ ಡಿಸ್ಕ್ ಬೇಕ್ರಿ" ಅಂದರು. "ಹೆಸರ ಬರದ್ರ ಅರ್ಧಾ ಮಂದಿ ಓದಂಗಿಲ್ಲ. ಮ್ಯಾಲ ನನ್ನ ಮಾರಿ ಬರಬೇಕು. ಮಾರಿ ನೋಡಿದ್ರ ತಿಳೀತೈತಿ, ಯಾರ ಪದ ಅಂತ."

"ಮಾಸ್ತರದ್ದೂ ಒಂದ ಸಣ್ಣ ಫೋಟೊ ಹಾಕೂಣೇನ್ರಿ?"

"ಅವ್ರದು ಎಲ್ಲಾ ಕಡಿ ಐತೆಲ್ರಿ. ಇದೊಂದರ ಮ್ಯಾಲ ನನ್ನದಷ್ಟ ಇರ್ಲಿ."

ಕೂಡಿಸಿ ಫೋಟೊ ತೆಗೆದೆ. ಹೆಂಡತಿ ಕಳಿಸಿದ ಹೊಸ ಅಂಗಿ, ತಲೆಗೆ ರುಮಾಲು. ನೀಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಕೊನೆಗೆ ಅವುಗಳ ಮೇಲೆ ಕುಳಿತುಕೊಂಡರು. ನೀಲಿ ಹಿನ್ನೆಲೆ, ತೂತಿನ ಬಲಕ್ಕೆ ಮುಖ, ಎಡಕ್ಕೆ "ಕಟ್ಟಿ ಹಾಡಿದವರು" ಎಂದು ಹೆಸರು. ಪರದೆಯ ಹತ್ತಿರಕ್ಕೆ ಬಾಗಿ ನೋಡಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು, ತಮ್ಮ ಕಸುಬಿನ ಪ್ರಶ್ನೆ.

"ಬಣ್ಣ ಪಕ್ಕಾ ಐತೇನ್ರಿ?"

ಸ್ಪ್ರೇ ಡಬ್ಬಿ ಖಾಲಿಯಾಗಿ ಕಪಾಟಿನ ಮೇಲೆ ನಿಂತಿತ್ತು. ನಾನು ಅದರ ಕಡೆ ನೋಡದೆ "ಪಕ್ಕಾ" ಅಂದೆ.

ಇಲ್ಲಿ ಒಂದು ರೂಢಿ ಹೇಳಬೇಕು. ನಮ್ಮ ಊರಿನ ನೇಕಾರ, ಕೈಗೆ ಬಣ್ಣದ ವಸ್ತು ಏನೇ ಬರಲಿ, ಹೆಬ್ಬೆರಳನ್ನು ನಾಲಗೆಗೆ ತಾಗಿಸಿ ಅದರ ಮೇಲೆ ಒಮ್ಮೆ ತಿಕ್ಕಿ ನೋಡುತ್ತಾನೆ. ಬೆರಳಿಗೆ ಬಣ್ಣ ಬಂದರೆ ಮಾಲು ವಾಪಸು. ಸೀರೆಯ ಸೆರಗಿಗೆ ಹೇಗೋ ಹಾಗೆಯೇ ಲಗ್ನಪತ್ರಿಕೆಗೂ, ಕ್ಯಾಲೆಂಡರಿನ ದೇವರಿಗೂ. ಆದರೆ ಒಬ್ಬ ಕಸುಬುದಾರ ಇನ್ನೊಬ್ಬ ಕಸುಬುದಾರನ ಕೆಲಸವನ್ನು ಅವನ ಎದುರಿಗೆ ಹಾಗೆ ತಿಕ್ಕುವುದಿಲ್ಲ. ಅದು ಕೆನ್ನೆಗೆ ಹೊಡೆದಂತೆ. ಬಾಯಿಮಾತು ಕೇಳಬೇಕು, ನಂಬಬೇಕು. ಕಾಕಾ ಕೇಳಿದರು, ನಂಬಿದರು. ಅವರ ಹೆಬ್ಬೆರಳು ತೊಡೆಯ ಕೆಳಗೇ ಉಳಿಯಿತು.

ಮೂರು ದಿನ ಪ್ರಿಂಟರು ಓಡಿತು. ಡಿಸ್ಕು ಒಂದರ ಮೇಲೊಂದು ಇಟ್ಟರೆ ಹಸಿ ಬಣ್ಣ ಅಂಟುತ್ತದೆಂದು ನಾನು ಗೊಣಗುತ್ತಿದ್ದಾಗ ಕಾಕಾ ತಮ್ಮ ಮನೆಯಿಂದ ಲಡಿ ಒಣಹಾಕುವ ಬಿದಿರ ಗಳಗಳನ್ನೇ ಹೊತ್ತು ತಂದರು. ಡಿಸ್ಕಿನ ತೂತಿಗೆ ತೆಳ್ಳನೆಯ ಗಳ ಪೋಣಿಸಿ, ನಡುವೆ ಬೆರಳಗಲ ಬಿಟ್ಟು, ಸ್ಟುಡಿಯೋದ ಹಿಂದಿನ ಪಡಸಾಲೆಯ ನೆರಳಿಗೆ ಕಟ್ಟಿದರು.

"ಬಿಸಲಿಗೆ ಹಾಕಬಾರದ್ರಿ. ಬಿಸಲಿಗೆ ಒಣಗಿದ ಬಣ್ಣ ಸಿಟ್ಟಿಗೇಳತೈತಿ. ನೆಳ್ಳಾಗ ಸಾವಕಾಶ ಒಣಗಬೇಕು."

ಗಾಳಿಗೆ ನೂರು ಕಾಕಾ ಒಟ್ಟಿಗೆ ಅಲುಗಾಡಿದರು. ಅವರು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ನೋಡಿ "ಇಷ್ಟ ಮಂದಿ ಅದೇನಲ್ರೀ ನಾ" ಅಂದು ನಕ್ಕರು. ಅವರು ನಕ್ಕದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಮಗ್ಗಗಳಿಗೆ ರಜೆ ಇದ್ದ ಒಂದು ಮಧ್ಯಾಹ್ನ ಮಂಗಲ ಕಾರ್ಯಾಲಯದಲ್ಲಿ ಬಿಡುಗಡೆ. ವೇದಿಕೆಯ ಮೇಲೆ ಪೇಟಿ ಮಾಸ್ತರು, ಅವರ ಪಕ್ಕದಲ್ಲಿ ಕಾಕಾ. ಕೆಳಗೆ ನೇಕಾರರು, ನಾಲ್ಕೈದು ಜನ ಸೀರೆ ವ್ಯಾಪಾರಿಗಳು, ಒಂದು ಬದಿಗೆ ಹೆಣ್ಣುಮಕ್ಕಳು. ನಾನು ವೇದಿಕೆಯ ಮುಂದೆ ಕ್ಯಾಮೆರಾ ಹಿಡಿದು ನಿಂತಿದ್ದೆ. ಮಾಸ್ತರು ರಿಬ್ಬನ್ ಬಿಚ್ಚಿದರು, ಚಪ್ಪಾಳೆ ಆಯಿತು, ಸಾಲುಸಾಲಾಗಿ ಡಿಸ್ಕು ಹಂಚಿದರು.

ಮುಂದಿನ ಸಾಲಿನ ಮುದಿ ವ್ಯಾಪಾರಿಯೊಬ್ಬ ಡಿಸ್ಕನ್ನು ಕವರಿನಿಂದ ತೆಗೆದ. ಬೆಳಕಿಗೆ ಹಿಡಿದ. ಯಾವ ದುರುದ್ದೇಶವೂ ಇಲ್ಲದೆ, ಕೆಮ್ಮು ಬಂದರೆ ಕೆಮ್ಮುವ ಹಾಗೆ, ಹೆಬ್ಬೆರಳನ್ನು ನಾಲಗೆಗೆ ಒತ್ತಿ ಮುಖದ ಮೇಲೆ ಒಮ್ಮೆ ತಿಕ್ಕಿದ. ಬೆರಳು ನೋಡಿಕೊಂಡ. ಪಕ್ಕದವನಿಗೆ ತೋರಿಸಿದ. ಪಕ್ಕದವನು ತನ್ನದನ್ನು ತಿಕ್ಕಿದ.

"ಕಚ್ಚಾ ಐತ್ಲೇ!"

ಅಷ್ಟೇ ಸಾಕಾಯಿತು. ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹೆಬ್ಬೆರಳುಗಳು ಬಾಯಿಗೆ ಹೋದವು. ನಲವತ್ತು ವರ್ಷ ಕಾಕಾನ ಲಡಿಗಳನ್ನು ತಿಕ್ಕಿ ತಿಕ್ಕಿ ಸೋತಿದ್ದ ಬೆರಳುಗಳಿಗೆ ಇವತ್ತು ಹಬ್ಬ.

"ಕಾಕಾ, ನಿಮ್ಮ ಮೂಗ ನನ್ನ ಬೆರಳಿಗೆ ಬಂತ ನೋಡ್ರಿ!"

"ನನ್ನ ಕಡಿ ಮೀಸಿ ಅಷ್ಟ ಉಳದಾವು."

"ಬಾಳ ತಿಕ್ಕಬ್ಯಾಡ್ಲೇ, ಕಾಕಾಗ ನೋವಾದೀತು!"

"ಹಂಗಾರ ನನ್ನ ಲಡಿನೂ ಹಿಂಗ ಎದ್ದಾವೇನು? ಮನಿಗಿ ಹೋಗಿ ನೋಡ್ಬೇಕಾತಪಾ."

ಹೆಣ್ಣುಮಕ್ಕಳ ಬದಿಯಲ್ಲಿ ಕಾಕಾನ ಹೆಂಡತಿ ತನಗೆ ಬಂದ ಡಿಸ್ಕನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಪಕ್ಕದವಳು "ತೋರಸವ್ವಾ, ನಿಂದರ ಉಳದಾನೇನು ನೋಡೂಣು" ಎಂದು ಸೆರಗು ಜಗ್ಗಿದಳು. ಸೆರಗಿನ ಬಿಳಿ ಅಂಚಿಗೆ ಆಗಲೇ ನೀಲಿ ಹತ್ತಿತ್ತು. ಬಿಸಿಲ ಹೊತ್ತು, ಬೆವರು.

ಹಿಂದಿನಿಂದ ಒಬ್ಬ ಎದ್ದು ಕೂಗಿದ. "ಇದ ಯಾರ ಕೆಲಸರೀ ಕಾಕಾ? ಯಾರ ಹಾಕಿದ್ದು ಬಣ್ಣ?"

ಕಾಕಾ ಮೈಕಿನ ಮುಂದೆ ನಿಂತಿದ್ದರು. ನನ್ನನ್ನು ನೋಡಿದರು. ಒಂದೇ ಸಲ. ನಾನು ಲೆನ್ಸು ತಿರುಗಿಸುತ್ತಿದ್ದೆ. ಸ್ಪಷ್ಟ ಚಿತ್ರ ಬರಬೇಕಾದರೆ ಅದು ಅವಶ್ಯ.

"ನನ್ನ ಕೆಲಸ" ಅಂದರು. "ನಾ ನೋಡಕೋಬೇಕಾಗಿತ್ತು. ನೋಡಕೊಳ್ಳಿಲ್ಲ."

ನಗು ಎರಡು ಪಟ್ಟಾಯಿತು. ಬಣ್ಣದ ಕಾಕಾ ತನ್ನ ಮುಖಕ್ಕೇ ಕಚ್ಚಾ ಬಣ್ಣ ಹಾಕಿಕೊಂಡ ಕಥೆಗಿಂತ ಒಳ್ಳೆಯ ಕಥೆ ಆ ವರ್ಷ ಬನಹಟ್ಟಿಗೆ ಸಿಕ್ಕಲಿಲ್ಲ. ಆ ಗಳಿಗೆಯ ಫೋಟೊ ನಾನು ತೆಗೆದೆ. ಬಹಳ ಚೆನ್ನಾಗಿ ಬಂದಿದೆ.

ಪೇಟಿ ಮಾಸ್ತರು ಮೈಕನ್ನು ಮೆಲ್ಲಗೆ ತಮ್ಮ ಕಡೆಗೆ ಬಾಗಿಸಿಕೊಂಡರು. ಶಾಲೆಯಲ್ಲಿ ಗದ್ದಲ ನಿಲ್ಲಿಸಿದ ಅಭ್ಯಾಸ.

"ಸುಮ್ಮನ ಕುಂದರ್ರಿ. ಮಾರಿ ಹೋದ್ರ ಹೋಗ್ಲಿ ಬಿಡ್ರಪಾ, ಹಾಡಿಗೆ ಮಾರಿ ಯಾಕ ಬೇಕು? ಇವು ಯಾರೊಬ್ಬರ ಪದ ಅಲ್ಲ. ಮೇಳದ ಪದ."

ದೊಡ್ಡ ಚಪ್ಪಾಳೆ. ಕಾಕಾ ಕೂಡ ಚಪ್ಪಾಳೆ ತಟ್ಟಿದರು. ಮೈಕು ಮುಂದೆ ಇಲ್ಲದ ಮನುಷ್ಯ ಮತ್ತೇನು ಮಾಡಬೇಕು?

ಮರುದಿನ ಅವರು ಗಳ ಒಯ್ಯಲು ಸ್ಟುಡಿಯೋಕ್ಕೆ ಬಂದರು. ನಾನು ಹವೆಯ ತೇವದ ಬಗ್ಗೆ, ಈಗ ಬರುವ ಶಾಯಿಯ ಬಗ್ಗೆ ಏನೋ ಶುರು ಮಾಡಿದೆ.

"ಬ್ಯಾಡ ಬಿಡ್ರಿ" ಅಂದರು. "ನೀವ್ ಪಕ್ಕಾ ಅಂದಿದ್ರಿ. ಅದಕ್ಕ ನಾ ತಿಕ್ಕಿ ನೋಡಲಿಲ್ಲ."

ಗಳಗಳನ್ನು ಹೆಗಲಿಗೇರಿಸಿ ಹೊರಟರು. ಹೊಳೆಯುವ ಡಿಸ್ಕು ತಂದು ಮತ್ತೆ ನೂರು ಮಾಡಿಕೊಡುತ್ತೇನೆ ಎಂದು ನಾನು ಹೇಳಬೇಕಿತ್ತು. ಹೇಳಿದೆ ಕೂಡ, ಅವರು ರಸ್ತೆ ದಾಟಿದ ಮೇಲೆ.

ವಿಚಿತ್ರವೆಂದರೆ ಆ ಡಿಸ್ಕುಗಳನ್ನು ಯಾರೂ ಎಸೆಯಲಿಲ್ಲ. ಮುಖ ಅಳಿಸಿಹೋಗಿದ್ದರೂ ಹಾಡು ಹಾಗೇ ಇತ್ತಲ್ಲ. ತಿಕ್ಕಿದ ರಭಸಕ್ಕೆ "ಕಟ್ಟಿ ಹಾಡಿದವರು" ಎಂಬುದೂ ಅಳಿಸಿ, ತೂತಿನ ಎರಡೂ ಬದಿಗೆ ನೀಲಿ ರಾಡಿಯಷ್ಟೇ ಉಳಿದಿತ್ತು. ಮೆಮೊರಿ ಕಾರ್ಡಿಗೆ ಹಾಡು ತುಂಬುವ ಅಂಗಡಿಯವರು ಡಿಸ್ಕು ತಿರುಗಿಸಿ ನೋಡಿದರು, ಯಾರೆಂದು ತಿಳಿಯಲಿಲ್ಲ. ಪೇಟಿಯ ದನಿ ಗುರುತು ಹಿಡಿದು ಮಾಸ್ತರ ಹೆಸರು ಹಾಕಿಕೊಂಡರು. ಮಾಸ್ತರು ಇದನ್ನು ಪ್ರತಿಭಟಿಸಿದ್ದನ್ನು ನಾನು ಕೇಳಿಲ್ಲ. ಎರಡು ವರ್ಷದಲ್ಲಿ ಆ ಪದಗಳು ಆಟೋ ಏರಿದವು, ಟಂಟಂ ಏರಿದವು, ಕಬ್ಬಿನ ಟ್ರ್ಯಾಕ್ಟರು ಏರಿದವು.

ಕಾಕಾ ಮತ್ತೆ ಭಜನೆಗೆ ಹೋಗಲಿಲ್ಲ. ನನ್ನನ್ನು ಕಂಡರೆ ಮಾತ್ರ ಮೊದಲಿನ ಹಾಗೇ ನಮಸ್ಕಾರ ಹೇಳುತ್ತಿದ್ದರು. ಅದು ನನಗೆ ಬಹಳ ತ್ರಾಸಿನ ನಮಸ್ಕಾರ.

ಕಬ್ಬಿನ ಹಂಗಾಮಿನಲ್ಲಿ ಒಮ್ಮೆ ಬಾಡಗಂಡಿ ಕಡೆಯ ಒಂದು ಮದುವೆ ನನಗೆ ಸಿಕ್ಕಿತ್ತು. ವರನ ಸೋದರಮಾವ ಜೀಪು ತಂದಿದ್ದ. ಗಲಗಲಿಯಲ್ಲಿರುವ ಮಗಳ ಮನೆಗೆ ಹೊರಟಿದ್ದ ಕಾಕಾ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದರು. ಸೋದರಮಾವ ತಾನಾಗಿಯೇ "ಹತ್ತರಿ ಅಜ್ಜಾರ, ಅಲ್ಲಿತನಕ ಬಿಡ್ತೇವಿ" ಅಂದ. ದಾರಿಯುದ್ದಕ್ಕೂ ನಾನು ಮದುವೆಯ ಡಿಸ್ಕುಗಳ ಬಗ್ಗೆ ಅವನಿಗೆ ವಿವರಿಸುತ್ತಾ ಬಂದೆ. ಕಾಕಾ ಹಿಂದೆ ಕುಳಿತು ಕೇಳುತ್ತಾ ಬಂದರು.

ಕಾರ್ಖಾನೆ ದಾರಿಯಲ್ಲಿ ಟ್ರ್ಯಾಕ್ಟರುಗಳ ಸಾಲು ಮೈಲುದ್ದ ನಿಂತಿತ್ತು. ಚಹಾದಂಗಡಿಯ ಮುಂದೆ ಇಳಿದೆವು. ಅಲ್ಲಿ ಕಬ್ಬು ಇಳಿಸಿ ಬಂದ ಖಾಲಿ ಟ್ರ್ಯಾಕ್ಟರೊಂದು ನಿಂತಿತ್ತು, ಮಡ್‌ಗಾರ್ಡಿನ ಬುಡಕ್ಕೆ ಕಟ್ಟಿದ ದೊಡ್ಡ ಸ್ಪೀಕರಿನಿಂದ ಕಾಕಾನ ದನಿ ಬರುತ್ತಿತ್ತು. ಅವರು ಕಪ್ಪು ಹಿಡಿದು ನಿಂತಲ್ಲೇ ನಿಂತರು. ಒಂದು ನುಡಿ ಪೂರಾ ಕೇಳಿದರು.

"ತಮ್ಮಾ, ಇದು ನಾ ಹಾಡಿದ್ದು."

ಡ್ರೈವರ್ ಬಸಿ ತುಂಬ ಚಹಾ ಹೀರುತ್ತಿದ್ದ. "ಏ ಅಜ್ಜಾ, ಇದು ಬನಹಟ್ಟಿ ಮಾಸ್ತರ್ದು. ನಮ್ಮ ಊರಾಗ ಡಿಸ್ಕ್ ಐತಿ."

"ಅದರ ಮ್ಯಾಲ ಮಾರಿ ಯಾರದ ಐತಿ?"

"ಮಾರಿ ಎಲ್ಲಿದೂ? ಬರೇ ನೀಲಿ ರಾಡಿ. ನೀ ಹಾಡಿದ್ರ ಒಂದ ನುಡಿ ಹೇಳ ನೋಡೂಣು."

ಕಾಕಾ ಕಪ್ಪು ಕೆಳಗಿಟ್ಟರು, ಕಣ್ಣು ಮುಚ್ಚಿ ಹಾಡಿದರು. ಎರಡು ವರ್ಷ ಬಿಟ್ಟ ಕಂಠ, ಮೇಲೆ ಹೋಗುವಲ್ಲಿ ಒಡೆಯಿತು. ಸ್ಪೀಕರಿನೊಳಗಿನ ಕಾಕಾ ಮಾತ್ರ ಅದೇ ಜಾಗದಲ್ಲಿ ಸಲೀಸಾಗಿ ಮೇಲೆ ಹೋದರು.

"ಛಲೋ ಹೇಳ್ತಿ ಅಜ್ಜಾ" ಎಂದ ಡ್ರೈವರ್, ಕರುಣೆಯಿಂದಲೇ. "ಆದ್ರ ಆ ಮಾಸ್ತರ್ ಗತೆ ಬರಂಗಿಲ್ಲ ಬಿಡು."

ಅಂಗಡಿಯಲ್ಲಿದ್ದವರು ನಕ್ಕರು. ಆಗ ಕಾಕಾ ನನ್ನ ಕಡೆಗೆ ತಿರುಗಿದರು. "ಇವ್ರನ್ನ ಕೇಳ. ಇವ್ರಿಗೆ ಗೊತ್ತೈತಿ."

"ಹೌದೇನ್ರಿ ಕ್ಯಾಮೆರಾದವ್ರ? ಈ ಅಜ್ಜ ಹೇಳೂದು ಖರೆಯೇನು?"

ಹೌದು ಅಂದರೆ ಮುಗಿಯುತ್ತಿತ್ತು. ಆದರೆ ಹೌದು ಅಂದರೆ, ಮತ್ತೆ ಮುಖ ಯಾಕಿಲ್ಲ ಎಂದು ಕೇಳುತ್ತಿದ್ದರು. ಸೋದರಮಾವ ನನ್ನ ಪಕ್ಕದಲ್ಲೇ ನಿಂತು, ಬಿಸ್ಕೀಟು ಕಚ್ಚುತ್ತಾ, ಆಸಕ್ತಿಯಿಂದ ಕೇಳಿಸಿಕೊಳ್ಳುತ್ತಿದ್ದ.

"ನಾ ಬರೇ ಫೋಟೊ ತಗಿಯಾಂವಪಾ" ಅಂದೆ. "ಹಾಡಿನ ಸುದ್ದಿ ನನಗೇನ ತಿಳೀತೈತಿ?"

ಕಾಕಾ ತಲೆಯಾಡಿಸಿದರು, ಲೆಕ್ಕ ಒಪ್ಪಿತೆನ್ನುವ ಹಾಗೆ. ಕಪ್ಪಿನಲ್ಲಿ ಉಳಿದದ್ದನ್ನು ಕುಡಿದರು. ಜೀಪಿನಿಂದ ತಮ್ಮ ಚೀಲ ತೆಗೆದುಕೊಂಡು ಡ್ರೈವರನ ಕಡೆಗೆ ಹೋದರು.

"ತಮ್ಮಾ, ಗಲಗಲಿ ಕಡೆ ಹೊಂಟೀಯೇನು?"

"ಹತ್ತ ಅಜ್ಜಾ, ಆ ಕಡೆನ ಹೋಗೂದು."

ಟ್ರ್ಯಾಕ್ಟರಿನ ಗಾಲಿ ಹಿಡಿದು ಹತ್ತಿ, ಮಡ್‌ಗಾರ್ಡಿನ ಮೇಲೆ ಕುಳಿತು ಕಾಲು ಇಳಿಬಿಟ್ಟರು. ಡ್ರೈವರ್ ಹಾಡಿನ ಸದ್ದು ಏರಿಸಿ ಗೇರು ಹಾಕಿದ, ಆಮೇಲೆ ತಿರುಗಿ ಅವರ ಮೊಣಕಾಲಿಗೆ ತಟ್ಟಿದ.

"ಅಜ್ಜಾ, ಸ್ಪೀಕರ್ ಮ್ಯಾಲ ಕಾಲ ಇಡಬ್ಯಾಡ. ಮಾಸ್ತರ್ ಹಾಡಾಕತ್ತಾರ."

ಕಾಕಾ ಕಾಲು ಮೇಲೆ ಎಳೆದುಕೊಂಡರು.